ಇಬ್ಬರಿಗೂ ದ್ರೋಹ ಮಾಡುತ್ತಿದ್ದೇನೆಯೇ?

ಪ್ರಶ್ನೆ: ನನಗೆ 57 ವರ್ಷ. ತೀರ್ಥಹಳ್ಳಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಡಿಕೆ ತೋಟ ಮಾಡಿಕೊಂಡಿದ್ದೇನೆ. ಐದು ವರ್ಷಗಳ ಹಿಂದೆ, ಆರಿದ್ರಾ ಮಳೆಯ ದಿನಗಳಲ್ಲಿ, ನನ್ನ ಹೆಂಡತಿ ಅಂಡಾಶಯದ ಕ್ಯಾನ್ಸರಿನಿಂದ ತೀರಿಕೊಂಡಳು. ನಮ್ಮದು 26 ವರ್ಷಗಳ ಸಂಸಾರ. ದೀಪಾವಳಿಯ ಹೊತ್ತಿಗೇ ಹೊಟ್ಟೆಯುಬ್ಬರ ಎನ್ನುತ್ತಿದ್ದಳು. ಕೊಯ್ಲು ಮುಗಿಯಲಿ ಎಂದೆ. ಸಂಕ್ರಾಂತಿ ಕಳೆದ ಮೇಲೆ ಮಣಿಪಾಲಕ್ಕೆ ಕರೆದುಕೊಂಡು ಹೋದಾಗ ಮೂರನೆಯ ಹಂತ ಎಂದರು. ಅಲ್ಲಿಂದ ಒಂದೂವರೆ ವರ್ಷ ಬದುಕಿದ್ದಳು. ಕಳೆದ ವರ್ಷ ಸಾಗರದ ಕಡೆಯ ಶಿಕ್ಷಕಿಯೊಬ್ಬರ ಪರಿಚಯವಾಗಿ, ಪರಸ್ಪರ ಒಪ್ಪಿ ಮದುವೆಯಾದೆವು. ಅವರೂ 12 ವರ್ಷಗಳ ಹಿಂದೆ ಪತಿಯನ್ನು ಕಳೆದುಕೊಂಡವರು. ಬಹಳ ಒಳ್ಳೆಯವರು, ಅವರ ಮೇಲೆ ನನಗೆ ನಿಜವಾದ ಪ್ರೀತಿ ಇದೆ. ಆದರೂ ಮೊದಲ ಹೆಂಡತಿಯ ನೆನಪಾಗದ ದಿನವಿಲ್ಲ. ಅವಳು ಕೊನೆಯ ಬೇಸಿಗೆಯಲ್ಲಿ ಹಾಕಿದ ಮಿಡಿ ಉಪ್ಪಿನಕಾಯಿಯ ಭರಣಿ ಅಟ್ಟದ ಮೇಲಿದೆ. ಮನೆಯಲ್ಲಿ ಯಾರೂ ಇಲ್ಲದಾಗ ಅದರ ಮುಚ್ಚಳ ತೆಗೆದು ಮೂಸಿ ಅಳುತ್ತೇನೆ. ಇವರನ್ನು ಒಂದೆರಡು ಸಲ ಅವಳ ಹೆಸರಿನಿಂದಲೇ ಕರೆದುಬಿಟ್ಟಿದ್ದೇನೆ. ಇವರು ಏನೂ ಹೇಳಲಿಲ್ಲ. ಬೆಂಗಳೂರಿನಲ್ಲಿರುವ ಮಗಳು ಮದುವೆಯ ನಂತರ ಊರಿಗೆ ಬಂದಿಲ್ಲ. ಮುಂದಿನ ತಿಂಗಳು ತಿಥಿ ಇದೆ. ಆ ದಿನ ಇವರನ್ನು ತವರಿಗೆ ಕಳಿಸಲೇ? ಇದು ಮಾನಸಿಕ ಕಾಯಿಲೆಯೇ? ನಾನು ಇಬ್ಬರಿಗೂ ದ್ರೋಹ ಮಾಡುತ್ತಿದ್ದೇನೆಯೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೇ ಮೊದಲು ಉತ್ತರಿಸುತ್ತೇನೆ. ಇಲ್ಲ, ನೀವು ಇಬ್ಬರಲ್ಲಿ ಯಾರಿಗೂ ದ್ರೋಹ ಮಾಡುತ್ತಿಲ್ಲ. ತೀರಿಕೊಂಡವರ ಮೇಲಿನ ಪ್ರೀತಿ ಪೂರ್ತಿಯಾಗಿ ಆರಿದ ಮೇಲೆಯೇ ಇನ್ನೊಬ್ಬರನ್ನು ಪ್ರೀತಿಸುವ ಅರ್ಹತೆ ಬರುತ್ತದೆ ಎಂಬ ಕಟ್ಟಳೆ ಮನುಷ್ಯನ ಮನಸ್ಸಿಗೆ ಇಲ್ಲ. ಆದರೆ ನಿಮ್ಮ ಪತ್ರವನ್ನು ನಿಧಾನವಾಗಿ ಓದಿದಾಗ ಬೇರೊಂದು ತೊಂದರೆ ನನ್ನ ಕಣ್ಣಿಗೆ ಬಿತ್ತು. ನೀವು ಅಳುತ್ತೀರಿ ಎಂಬುದಕ್ಕೆ ನಾನು ಹೆದರುವುದಿಲ್ಲ. ಮನೆಯಲ್ಲಿ ಯಾರೂ ಇಲ್ಲದಾಗ ಮಾತ್ರ ಅಳುತ್ತೀರಿ ಎಂಬುದು ನನ್ನನ್ನು ಯೋಚನೆಗೆ ಹಚ್ಚಿದೆ. ಭರಣಿ ಅಟ್ಟದ ಮೇಲೆ ಇರಲಿ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದು ಅಲ್ಲಿ ಏಕಿದೆ ಎಂಬುದು ನಿಮ್ಮೊಂದಿಗೆ ಬಾಳುತ್ತಿರುವವರಿಗೆ ತಿಳಿಯದಂತೆ ನೋಡಿಕೊಳ್ಳುತ್ತಿದ್ದೀರಲ್ಲ, ನಾವು ಮಾತನಾಡಬೇಕಾದದ್ದು ಅದನ್ನು ಕುರಿತು.

ದುಃಖವೆಂದರೆ ಇಂತಿಷ್ಟು ಕಾಲದಲ್ಲಿ ಮುಗಿಸಿ ಕೈತೊಳೆದುಕೊಳ್ಳಬೇಕಾದ ಕೆಲಸ ಎಂಬ ಕಲ್ಪನೆ ಮನಶ್ಶಾಸ್ತ್ರದಲ್ಲಿಯೂ ಬಹಳ ಕಾಲ ಇತ್ತು. ಸತ್ತವರ ಮೇಲೆ ಇಟ್ಟಿದ್ದ ಮಮತೆಯನ್ನು ಸ್ವಲ್ಪಸ್ವಲ್ಪವಾಗಿ ಹಿಂದಕ್ಕೆ ಪಡೆದಾಗ ಮಾತ್ರ ಮನಸ್ಸು ಬಿಡುಗಡೆ ಹೊಂದಿ ಹೊಸ ಸಂಬಂಧಕ್ಕೆ ಸಿದ್ಧವಾಗುತ್ತದೆ ಎಂದು ಸಿಗ್ಮಂಡ್ ಫ್ರಾಯ್ಡ್ 1917ರ ಪ್ರಬಂಧವೊಂದರಲ್ಲಿ ಬರೆದಿದ್ದರು. ಮೂರು ವರ್ಷಗಳ ನಂತರ, 1920ರಲ್ಲಿ, ಅವರ ಮಗಳು ಸೋಫಿ ಇನ್‌ಫ್ಲುಯೆಂಜಾ ಜ್ವರದಿಂದ ತೀರಿಕೊಂಡರು. 1929ರಲ್ಲಿ, ಮಗನನ್ನು ಕಳೆದುಕೊಂಡಿದ್ದ ಸ್ನೇಹಿತ ಲುಡ್ವಿಗ್ ಬಿನ್ಸ್‌ವಾಂಗರ್ ಅವರಿಗೆ ಬರೆದ ಪತ್ರದಲ್ಲಿ ಫ್ರಾಯ್ಡ್ ತಮ್ಮ ಹಳೆಯ ಸಿದ್ಧಾಂತವನ್ನು ಹೇಳುವುದಿಲ್ಲ. ಮಗಳು ಬದುಕಿದ್ದರೆ ಆ ದಿನಕ್ಕೆ 36 ವರ್ಷವಾಗುತ್ತಿತ್ತು ಎಂದು ನೆನೆದು, ಮೊದಲಿನ ತೀವ್ರತೆ ಕಡಿಮೆಯಾದರೂ ಆ ಕೊರತೆಯನ್ನು ಯಾರಿಂದಲೂ ತುಂಬಲಾಗದು, ಪ್ರೀತಿ ಉಳಿದುಕೊಳ್ಳುವ ದಾರಿಯೂ ಅದೇ ಎಂಬ ಅರ್ಥದ ಮಾತುಗಳನ್ನು ಬರೆಯುತ್ತಾರೆ. 

ದುಃಖಕ್ಕೆ ಐದು ಹಂತಗಳಿವೆ, ಕೊನೆಯದು ಒಪ್ಪಿಕೊಳ್ಳುವಿಕೆ ಎಂಬ ಮಾತನ್ನು ನೀವೂ ಮೊಬೈಲಿನಲ್ಲಿ ಎಲ್ಲೋ ಓದಿರಬಹುದು, ತಾನಿನ್ನೂ ಆ ಕೊನೆಯ ಮೆಟ್ಟಿಲು ಹತ್ತಿಲ್ಲವೆಂದು ನೊಂದಿರಲೂಬಹುದು. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ 1969ರಲ್ಲಿ ಆ ಹಂತಗಳನ್ನು ವಿವರಿಸಿದ್ದು ತಮ್ಮದೇ ಸಾವನ್ನು ಎದುರು ನೋಡುತ್ತಿದ್ದ ರೋಗಿಗಳ ವಿಚಾರದಲ್ಲಿ; ಅವನ್ನು ಉಳಿದವರ ದುಃಖಕ್ಕೆ ಹಚ್ಚಿದ್ದು ಆಮೇಲೆ. ನೀವು ಯಾವ ಪರೀಕ್ಷೆಯಲ್ಲಿಯೂ ಹಿಂದೆ ಬಿದ್ದಿಲ್ಲ. 1996ರಲ್ಲಿ ಸಂಶೋಧಕ ಡೆನಿಸ್ ಕ್ಲಾಸ್ ಮತ್ತು ಅವರ ಸಹೋದ್ಯೋಗಿಗಳು, ಸತ್ತವರೊಂದಿಗಿನ ಸಂಬಂಧ ಕಡಿದುಹೋಗುವುದಿಲ್ಲ, ರೂಪ ಬದಲಿಸಿ ಮುಂದುವರಿಯುತ್ತದೆ, ಹಾಗೆ ಮುಂದುವರಿಯುವುದು ಆರೋಗ್ಯವೇ ಹೊರತು ರೋಗವಲ್ಲ ಎಂದು ವಿಸ್ತಾರವಾಗಿ ವಾದಿಸಿದರು. ವರ್ಷಕ್ಕೊಮ್ಮೆ ಎಡೆಯಿಟ್ಟು ಹಿರಿಯರನ್ನು ಕರೆಯುವ ನಮಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಾಗಿರಲಿಲ್ಲ.

ಇನ್ನೊಂದು ಸಿದ್ಧಾಂತ ನಿಮ್ಮ ಸ್ಥಿತಿಗೆ ಇದಕ್ಕಿಂತಲೂ ಹತ್ತಿರವಾಗಿದೆ. ನೆದರ್ಲೆಂಡ್ಸಿನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ ಪ್ರಕಾರ, ಸಂಗಾತಿಯನ್ನು ಕಳೆದುಕೊಂಡವರ ಮನಸ್ಸು ಎರಡು ಕಡೆಗೆ ಹೋಗಿಬರುತ್ತಿರುತ್ತದೆ. ಒಂದು ಕಡೆ ಕಳೆದುಕೊಂಡದ್ದರ ನೋವು, ನೆನಪು, ಹಂಬಲ. ಇನ್ನೊಂದು ಕಡೆ ಬದುಕನ್ನು ಮತ್ತೆ ಕಟ್ಟಿಕೊಳ್ಳುವ ಕೆಲಸ, ಹೊಸ ಜವಾಬ್ದಾರಿ, ಹೊಸ ಸಂಬಂಧ. ಬೆಳಿಗ್ಗೆ ಭರಣಿಯ ಮುಂದೆ ಕಣ್ಣೀರು ಹಾಕಿದವರು ಮಧ್ಯಾಹ್ನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸಲು, ಮರ ಹತ್ತುವ ಕೊನೆಗಾರರನ್ನು ಹುಡುಕುತ್ತಾ ಹೋಗುತ್ತಾರೆ, ಸಂಜೆ ಜಗುಲಿಯಲ್ಲಿ ಕುಳಿತು ಈಗಿನ ಹೆಂಡತಿಯೊಂದಿಗೆ ನಗುತ್ತಾ ಕಾಫಿ ಕುಡಿಯುತ್ತಾರೆ. ಇದರಲ್ಲಿ ಯಾವುದೂ ಸುಳ್ಳಲ್ಲ, ಒಂದು ಇನ್ನೊಂದನ್ನು ಸುಳ್ಳು ಮಾಡುವುದೂ ಇಲ್ಲ. ಈ ಓಡಾಟ ನಿಂತು ಮನಸ್ಸು ಒಂದೇ ಕಡೆ ಸಿಕ್ಕಿಬಿದ್ದರೆ, ಅಂದರೆ ದಿನವಿಡೀ ದುಃಖವೇ ಆದರೆ ಅಥವಾ ದುಃಖದ ಹತ್ತಿರಕ್ಕೂ ಹೋಗದಂತೆ ಕೆಲಸದಲ್ಲಿ ಮುಳುಗಿದರೆ, ಆಗ ಯೋಚಿಸಬೇಕಾಗುತ್ತದೆ.

ಹಾಗೆ ಸಿಕ್ಕಿಬಿದ್ದ ದುಃಖಕ್ಕೆ ಈಗ ವೈದ್ಯಶಾಸ್ತ್ರದಲ್ಲಿ ದೀರ್ಘಕಾಲಿಕ ಶೋಕದ ಕಾಯಿಲೆ ಎಂಬ ಹೆಸರಿದೆ. ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯ 11ನೆಯ ಆವೃತ್ತಿ ಇದಕ್ಕೆ ಕನಿಷ್ಠ ಆರು ತಿಂಗಳ ಅವಧಿಯನ್ನು ಹೇಳಿದರೆ, ಅಮೆರಿಕದ ಮನೋವೈದ್ಯರ ಸಂಘ 2022ರಲ್ಲಿ ಪರಿಷ್ಕರಿಸಿದ ಕೈಪಿಡಿ ವಯಸ್ಕರಿಗೆ ಒಂದು ವರ್ಷವನ್ನು ಹೇಳುತ್ತದೆ. ಆದರೆ ಅವಧಿಯೊಂದೇ ಕಾಯಿಲೆಯಾಗುವುದಿಲ್ಲ. ಹೆಚ್ಚುಕಡಿಮೆ ಪ್ರತಿದಿನವೂ ತಡೆಯಲಾಗದ ಹಂಬಲ, ಸಾವು ನಡೆದೇ ಇಲ್ಲವೆಂಬಂಥ ಅಪನಂಬಿಕೆ, ತನ್ನದೊಂದು ಭಾಗವೇ ಸತ್ತುಹೋಯಿತೆಂಬ ಭಾವ, ಬದುಕಿಗೆ ಅರ್ಥವಿಲ್ಲವೆಂಬ ಬರಡುತನ, ಜನರೊಂದಿಗೆ ಬೆರೆಯಲಾಗದ ಸ್ಥಿತಿ ಮುಂತಾದ ಹಲವು ಲಕ್ಷಣಗಳು ಒಟ್ಟಿಗೆ ಸೇರಿ, ಆ ಸಮಾಜದ ರೂಢಿಯನ್ನೂ ಮೀರಿ, ನಿತ್ಯದ ಬದುಕನ್ನು ಕೆಡಿಸಿರಬೇಕು. 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಸಹಜ ಕಾರಣದ ಸಾವಿನಿಂದ ನೊಂದ ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಇಂಥ ಸ್ಥಿತಿ ಇರುವುದು ಕಂಡುಬಂತು. ತೋಟ ನೋಡಿಕೊಂಡು, ಹೊಸ ಸಂಬಂಧಕ್ಕೆ ಮನಸ್ಸು ತೆರೆದು, ಅದರಲ್ಲಿ ಪ್ರೀತಿಯನ್ನೂ ಕಂಡಿರುವ ನೀವು ಉಳಿದ ಒಂಬತ್ತು ಜನರ ಕಡೆಗೇ ಇದ್ದೀರಿ ಎಂದು ಪತ್ರದಿಂದ ತೋರುತ್ತದೆ. ಪತ್ರ ನೋಡಿ ರೋಗನಿರ್ಣಯ ಮಾಡಬಾರದು, ಆದ್ದರಿಂದ ಯಾವಾಗ ವೈದ್ಯರನ್ನು ಕಾಣಬೇಕೆಂಬುದನ್ನು ಮುಂದೆ ಹೇಳಿದ್ದೇನೆ.

ಇನ್ನು, ನಿಮ್ಮ ಪತ್ರದಲ್ಲಿ ಬೇಗ ಬಂದು ಬೇಗ ಮರೆಯಾಗುವ ಒಂದು ಮಾತಿಗೆ ಬರುತ್ತೇನೆ. “ಕೊಯ್ಲು ಮುಗಿಯಲಿ ಎಂದೆ.” ಐದು ವರ್ಷಗಳಿಂದ ನಿಮ್ಮನ್ನು ಅಟ್ಟಕ್ಕೆ ಹತ್ತಿಸುತ್ತಿರುವುದರಲ್ಲಿ ಪ್ರೀತಿ ಎಷ್ಟಿದೆಯೋ ಈ ಮಾತೂ ಅಷ್ಟೇ ಇದೆ ಎಂದು ನನ್ನ ಅನಿಸಿಕೆ. ದುಃಖ ಬೇರೆ, ಅಪರಾಧಿ ಭಾವ ಬೇರೆ. ದುಃಖವನ್ನು ಅದರ ಪಾಡಿಗೆ ಬಿಟ್ಟರೆ ಕಾಲಕ್ರಮದಲ್ಲಿ ಅದರ ಹರಿತ ಕಡಿಮೆಯಾಗುತ್ತದೆ. ಅಪರಾಧಿ ಭಾವ ಹಾಗಲ್ಲ, ಅದಕ್ಕೆ ಶಿಕ್ಷೆ ಬೇಕು. ಹೊಸ ಬದುಕಿನಲ್ಲಿ ಸುಖ ಸಿಕ್ಕ ಕೂಡಲೇ ಅದು ಎದ್ದು, ಅವಳಿಗೆ ಸಿಗದ ಆಯುಷ್ಯ ನಿನಗೇಕೆ, ಈ ಸುಖ ನಿನಗೇಕೆ ಎಂದು ಕೇಳುತ್ತದೆ. ನೀವು ಈಗಿನ ಹೆಂಡತಿಯೊಂದಿಗೆ ಸಂತೋಷವಾಗಿದ್ದ ದಿನಗಳ ಮರುದಿನವೇ ಅಳು ಹೆಚ್ಚಾಗಿರುತ್ತದೆಯೇ ಎಂದು ಒಮ್ಮೆ ಗಮನಿಸಿ ನೋಡಿ.

ಅಂಡಾಶಯದ ಕ್ಯಾನ್ಸರಿನ ಬಗ್ಗೆ ವೈದ್ಯಶಾಸ್ತ್ರ ತಿಳಿದಿರುವುದನ್ನು ಇಲ್ಲಿ ಹೇಳುವುದು ಅಗತ್ಯ. ಅದರ ಮೊದಲ ಲಕ್ಷಣಗಳು ಹೊಟ್ಟೆಯುಬ್ಬರ, ಸ್ವಲ್ಪ ಉಂಡರೂ ಹೊಟ್ಟೆ ತುಂಬಿದಂತಾಗುವುದು, ಕಿಬ್ಬೊಟ್ಟೆಯ ನೋವು, ಪದೇಪದೇ ಮೂತ್ರಕ್ಕೆ ಹೋಗಬೇಕೆನಿಸುವುದು. ಎಲ್ಲವೂ ಗ್ಯಾಸ್ಟ್ರಿಕ್ ಎಂದು ಯಾರಾದರೂ ಅಂದುಕೊಳ್ಳುವಂಥವು. ಲಕ್ಷಣವಿಲ್ಲದ ಸಾಮಾನ್ಯ ಮಹಿಳೆಯರಲ್ಲಿ ಇದನ್ನು ಮೊದಲೇ ಹಿಡಿದು ಜೀವ ಉಳಿಸುವಂಥ ತಪಾಸಣೆ ಇಂದಿಗೂ ಇಲ್ಲ. ಜಗತ್ತಿನ ಎಲ್ಲ ಕಡೆಯೂ, ದೊಡ್ಡ ನಗರಗಳ ಸ್ಥಿತಿವಂತ ಮನೆಗಳಲ್ಲಿಯೂ, ಹೆಚ್ಚಿನವರಿಗೆ ಇದು ಪತ್ತೆಯಾಗುವುದು ಮೂರನೆಯ ಅಥವಾ ನಾಲ್ಕನೆಯ ಹಂತದಲ್ಲಿಯೇ. ದೀಪಾವಳಿಗೂ ಸಂಕ್ರಾಂತಿಗೂ ನಡುವಿನ ಆ ದಿನಗಳು ಅವರ ಆಯುಷ್ಯವನ್ನು ಬದಲಿಸುತ್ತಿದ್ದವೇ ಎಂಬುದನ್ನು ಯಾವ ವೈದ್ಯರೂ ಖಚಿತವಾಗಿ ಹೇಳಲಾರರು, ನಾನೂ ಹೇಳಲಾರೆ. ಆದರೆ ಹೊಟ್ಟೆಯುಬ್ಬರ ಎಂದು ಅವರು ಹೇಳಿದ ದಿನ ನಿಮಗೆ ಗೊತ್ತಿದ್ದದ್ದು ಹೊಟ್ಟೆಯುಬ್ಬರ ಮಾತ್ರ, ಕ್ಯಾನ್ಸರ್ ಅಲ್ಲ. ಆಮೇಲೆ ತಿಳಿದದ್ದನ್ನು ಹಿಂದಕ್ಕೆ ಒಯ್ದು, ಆ ದಿನದ ನಿಮ್ಮನ್ನು ಕಟಕಟೆಯಲ್ಲಿ ನಿಲ್ಲಿಸುತ್ತಿದ್ದೀರಿ. (ಇದನ್ನು ಓದುವ ಹೆಣ್ಣುಮಕ್ಕಳಲ್ಲಿ ಒಂದು ವಿನಂತಿ: ಇಂಥ ತೊಂದರೆ ಹೊಸದಾಗಿ ಶುರುವಾಗಿ ಎರಡು ಮೂರು ವಾರ ಬಿಡದೆ ಕಾಡಿದರೆ, ಕೊಯ್ಲಾಗಲಿ ಹಬ್ಬವಾಗಲಿ ಮುಗಿಯುವವರೆಗೆ ಕಾಯದೆ ಸ್ತ್ರೀರೋಗ ತಜ್ಞರಿಗೆ ತೋರಿಸಿಕೊಳ್ಳಿ.)

ಕೊಯ್ಲೆಂದರೆ ಏನೆಂದು ನಿಮಗೆ ಹೇಳಬೇಕಾಗಿಲ್ಲ. ಕೊನೆಗಾರರು ಬರುವ ದಿನ ನಮ್ಮ ಕೈಯಲ್ಲಿರುವುದಿಲ್ಲ. ಇಳಿಸಿದ ಅಡಿಕೆ ಕೊನೆಯನ್ನು ಸುಲಿದು, ಚೊಗರಿನಲ್ಲಿ (ಅಡಿಕೆ ಬೇಯಿಸಿ ಉಳಿದ ರಸದಲ್ಲಿ) ಬೇಯಿಸಿ, ಒಣಗಲು ಅಟ್ಟಕ್ಕೆ ಹಾಕುವ ಕೆಲಸ ಒಂದು ದಿನವೂ ಕಾಯುವುದಿಲ್ಲ. ಆ ವರ್ಷ ನಿಮ್ಮ ಹೆಂಡತಿಯೂ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ ಕುಳಿತಿದ್ದರೆ, ಸುಲಿಯುವವರಿಗೆ ರಾತ್ರಿಯ ಊಟಕ್ಕೆ ಹೊಂದಿಸುತ್ತಿದ್ದರೆ, ಕೊಯ್ಲು ಮುಗಿಯಲಿ ಎಂದು ಅವರೇ ಅಂದುಕೊಂಡಿರುವ ಸಾಧ್ಯತೆಯೂ ಇದೆ. ಮಲೆನಾಡಿನ ಹೆಂಗಸರು ತಮ್ಮ ನೋವನ್ನು ಮುಂದಕ್ಕೆ ಹಾಕುವುದರಲ್ಲಿ ಎಷ್ಟು ಪಳಗಿದ್ದಾರೆಂದು ನನ್ನ ಕೊಠಡಿಗೆ ಬರುವ ಮಗಳಂದಿರಿಂದ, ಗಂಡಂದಿರಿಂದ ಕೇಳುತ್ತಲೇ ಇರುತ್ತೇನೆ. ಹಾಗಾಗಿ ನಿಮ್ಮನ್ನು ಒಂದು ಪ್ರಶ್ನೆ ಕೇಳುತ್ತೇನೆ. ರೋಗ ತಿಳಿದ ಮೇಲೆ ಅವರು ನಿಮ್ಮೊಂದಿಗೆ ಒಂದೂವರೆ ವರ್ಷ ಬದುಕಿದರು. ಆ ಅವಧಿಯಲ್ಲಿ ಅವರು ಒಮ್ಮೆಯಾದರೂ ನಿಮ್ಮನ್ನು ಇದಕ್ಕಾಗಿ ದೂರಿದ್ದರೇ? ದೂರಿದ್ದರೆ ಆ ಮಾತಿಗೆ ನೀವು ಆಗ ಏನು ಹೇಳಿದಿರಿ, ಈಗ ಏನು ಹೇಳಬೇಕೆಂದಿದ್ದೀರಿ? ದೂರದೆ ಹೋಗಿದ್ದರೆ, ಅವರು ಹೊರಿಸದ ಆರೋಪವನ್ನು ಅವರ ಪರವಾಗಿ ನೀವು ಏಕೆ ಹೊರಿಸಿಕೊಳ್ಳುತ್ತಿದ್ದೀರಿ?

ದೀರ್ಘಕಾಲಿಕ ಶೋಕಕ್ಕಾಗಿ ಅಮೆರಿಕದ ಮನೋವೈದ್ಯೆ ಕ್ಯಾಥರೀನ್ ಶಿಯರ್ ರೂಪಿಸಿದ, ಸಾಮಾನ್ಯವಾಗಿ 16 ಭೇಟಿಗಳ ಚಿಕಿತ್ಸೆಯಲ್ಲಿ ಒಂದು ಅಭ್ಯಾಸವಿದೆ. ಕಣ್ಣು ಮುಚ್ಚಿಕೊಂಡು, ತೀರಿಕೊಂಡವರು ಎದುರಿಗೆ ಕುಳಿತು ಕೇಳಿಸಿಕೊಳ್ಳುತ್ತಿದ್ದಾರೆಂದು ಭಾವಿಸಿ, ಹೇಳದೆ ಉಳಿದದ್ದನ್ನು ಹೇಳಬೇಕು; ಆಮೇಲೆ ಅವರು ಕೊಡಬಹುದಾದ ಉತ್ತರವನ್ನೂ ತಾನೇ ಬಾಯಿಬಿಟ್ಟು ನುಡಿಯಬೇಕು. ಪರಿಣತರ ಎದುರಿನಲ್ಲಿ ಮಾಡುವ ಕ್ರಮ ಅದು, ಅದನ್ನು ಒಬ್ಬರೇ ಮಾಡಿ ಎಂದು ಹೇಳಲಾರೆ. ಆದರೆ ಒಂದು ಕಾಗದದ ಮೇಲೆ ಅವರಿಗೆ ಪತ್ರ ಬರೆಯಬಹುದು. ಕೊಯ್ಲಿನ ವಿಷಯವನ್ನೇ ಬರೆಯಿರಿ, ಕ್ಷಮೆ ಕೇಳಬೇಕೆನಿಸಿದರೆ ಕೇಳಿ. ಭರಣಿಯ ವಿಷಯವನ್ನೂ ಬರೆಯಿರಿ. ಕಾಯಿಲೆಯ ಆಯಾಸದ ನಡುವೆಯೂ ಮಿಡಿ ಆರಿಸಿ, ಉಪ್ಪಿನಲ್ಲಿ ಚಿರುಟುವವರೆಗೆ ಕಾದು, ಅದೇ ಉಪ್ಪುನೀರಿನಲ್ಲಿ ಸಾಸಿವೆ ಮೆಣಸು ಅರೆದು ಬೆರೆಸಿದ ಆ ಹೆಂಗಸು, ಅದು ವರ್ಷಗಟ್ಟಲೆ ಇರುವ ಪದಾರ್ಥವೆಂದು ಬಲ್ಲವರು. ತಾನು ಇರದ ವರ್ಷಗಳಲ್ಲಿಯೂ ಈ ಮನೆಯಲ್ಲಿ ಊಟ ನಡೆಯುತ್ತದೆ, ನಡೆಯಬೇಕು ಎಂಬ ಎಣಿಕೆ ಅದರಲ್ಲಿ ಇದ್ದಿರಬಹುದಲ್ಲವೇ? ವಾಸನೆಯ ನರಗಳು ಮಿದುಳಿನಲ್ಲಿ ಭಾವನೆಗೂ ನೆನಪಿಗೂ ಸಂಬಂಧಿಸಿದ ಭಾಗಗಳಿಗೆ ಬಹಳ ಹತ್ತಿರದ ದಾರಿಯಲ್ಲಿ ತಲುಪುತ್ತವೆ. ಮುಚ್ಚಳ ತೆಗೆದ ಕ್ಷಣಕ್ಕೇ ಅವರು ಎದುರು ಬಂದು ನಿಂತಂತಾಗುವುದು ಅದರಿಂದ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಹೆಸರು ತಪ್ಪಿದ ವಿಷಯ ಚಿಕ್ಕದು, ಆದರೆ ನೀವು ಅದರಿಂದ ನೊಂದಿರುವುದರಿಂದ ಹೇಳುತ್ತೇನೆ. 2016ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಮನೋವಿಜ್ಞಾನಿಗಳು ನಡೆಸಿದ ಅಧ್ಯಯನದಲ್ಲಿ, ಆಪ್ತರ ಹೆಸರುಗಳು ಅದಲುಬದಲಾಗುವುದು ಹೆಚ್ಚಾಗಿ ಒಂದೇ ಬಗೆಯ ಸಂಬಂಧದ ಒಳಗೇ ಎಂದು ತಿಳಿದುಬಂತು. ಅಜ್ಜಿ ಒಬ್ಬ ಮೊಮ್ಮಗನನ್ನು ಕರೆಯಲು ಹೋಗಿ ಉಳಿದ ಮೊಮ್ಮಕ್ಕಳ ಹೆಸರನ್ನೆಲ್ಲ ಹೇಳುವುದು ಇದೇ ಕಾರಣಕ್ಕೆ. ನಿಮ್ಮ ಮನಸ್ಸು ಈಗಿನವರನ್ನು ಹೊರಗಿನವರೆಂದು ಬೇರೆ ಇಟ್ಟಿದ್ದರೆ ಆ ಹೆಸರು ಬಾಯಿಗೆ ಬರುತ್ತಲೇ ಇರಲಿಲ್ಲ. ಇದನ್ನು ಅವರಿಗೂ ಹೇಳಿ. ಅವರು ಏನೂ ಹೇಳಲಿಲ್ಲವೆಂದರೆ ಏನೂ ಅನಿಸಲಿಲ್ಲವೆಂದು ಅರ್ಥವಲ್ಲ.

ಈಗ ಅವರ ವಿಚಾರ. ಅವರನ್ನು ಕುರಿತು ನೀವು ಬರೆದಿರುವುದು ಒಳ್ಳೆಯವರು ಎಂದು, ಶಿಕ್ಷಕಿ ಎಂದು, ಮತ್ತು ಅವರೂ ಪತಿಯನ್ನು ಕಳೆದುಕೊಂಡವರೆಂದು. ಆ ಪತಿಯ ಬಗ್ಗೆ ಪತ್ರದಲ್ಲಿ ಮತ್ತೊಂದು ಮಾತಿಲ್ಲ. ಅವರು ಹೇಗೆ ತೀರಿಕೊಂಡರು, ಇವರಿಗೆ ಆಗ ಎಷ್ಟು ವಯಸ್ಸು, ಅವರ ಫೋಟೋ ಈಗ ಎಲ್ಲಿದೆ, ಅವರ ತಿಥಿ ಯಾವ ದಿನ ಎಂಬುದು ನಿಮಗೆ ಗೊತ್ತಿದೆಯೇ? ಗೊತ್ತಿಲ್ಲದಿದ್ದರೆ ಅದಕ್ಕೆ ನೀವೊಬ್ಬರೇ ಹೊಣೆಯಲ್ಲ, ನಮ್ಮ ಸಮಾಜವೇ ಹಾಗೆ ನಡೆದುಕೊಂಡು ಬಂದಿದೆ. ಹೆಂಡತಿ ಸತ್ತ ಗಂಡಸಿನ ಮನೆಗೆ ವರ್ಷಾಂತಿಕಕ್ಕೆ ಮೊದಲೇ ಸಂಬಂಧ ಹೇಳಿಕೊಂಡು ನೆಂಟರು ಬರುತ್ತಾರೆ. ಅವನ ದುಃಖಕ್ಕೂ ಅವನ ಒಂಟಿತನಕ್ಕೂ ಊರಿನ ಅನುಕಂಪವಿದೆ. ಹಿಂದೂ ವಿಧವೆಯರ ಮರುವಿವಾಹಕ್ಕೆ 1856ರಲ್ಲಿಯೇ ಕಾನೂನಿನ ಒಪ್ಪಿಗೆ ಸಿಕ್ಕಿದರೂ, ಗಂಡ ಸತ್ತ ಹೆಂಗಸಿಗೆ ಕುಂಕುಮದಿಂದ ಹಿಡಿದು ಮದುವೆಮನೆಯ ಆರತಿಯವರೆಗೆ ಒಂದೊಂದನ್ನೂ ತಪ್ಪಿಸುವ ವಾಡಿಕೆ ನಮ್ಮ ಕಣ್ಣೆದುರೇ ಇದೆ. ಅಂಥವರು ಮತ್ತೆ ಮದುವೆಯಾದರಂತೂ ಹಳೆಯ ಗಂಡನ ಹೆಸರೆತ್ತುವುದೇ ಅಪಚಾರವೆಂಬಂತೆ ಎಲ್ಲರೂ ನಡೆದುಕೊಳ್ಳುತ್ತಾರೆ. ನಿಮ್ಮ ಮೊದಲ ಹೆಂಡತಿಯ ಫೋಟೋ ಬಹುಶಃ ಹಾರ ಹಾಕಿಸಿಕೊಂಡು ಗೋಡೆಯ ಮೇಲಿದೆ. ಅವರ ಪತಿಯ ಫೋಟೋ ಸಾಗರದ ಮನೆಯ ಯಾವುದೋ ಟ್ರಂಕಿನಲ್ಲಿ, ಸೀರೆಗಳ ಕೆಳಗೆ ಇರಬಹುದು.

ಆದ್ದರಿಂದ ನನ್ನ ಮೊದಲ ಸಲಹೆ ಇದು: ನಿಮ್ಮ ದುಃಖವನ್ನು ಅವರ ಮುಂದೆ ಬಿಚ್ಚುವ ಮೊದಲು ಅವರದನ್ನು ಕೇಳಿ. ಸಂಜೆ ಊಟವಾದ ಮೇಲೆ, ಟಿವಿ ಆರಿಸಿ, ಅವರ ಪತಿ ಎಂಥವರಾಗಿದ್ದರು ಎಂದು ಕೇಳಿ, ಕೇಳಿದ ಮೇಲೆ ಸುಮ್ಮನೆ ಕುಳಿತು ಪೂರ್ತಿ ಕೇಳಿಸಿಕೊಳ್ಳಿ. ಅವರು ಅಂದೇ ಹೇಳದಿದ್ದರೆ ಒತ್ತಾಯ ಬೇಡ, ಬಾಗಿಲು ತೆರೆದಿದೆ ಎಂದು ತಿಳಿದರೆ ಅಂದಿಗೆ ಸಾಕು. ಆಮೇಲೆ ನಿಮ್ಮ ಮಾತು ಹೇಳಿ: ಅವಳ ನೆನಪು ಈಗಲೂ ಬರುತ್ತದೆ, ಕೆಲವು ದಿನ ಅಳು ಬರುತ್ತದೆ, ಅದು ನಿನ್ನಲ್ಲಿ ಏನೋ ಕೊರತೆಯೆಂದು ಅಲ್ಲ, ನಿನಗೆ ಬಚ್ಚಿಟ್ಟು ಅಳುವುದು ನನಗೆ ಸಾಕಾಗಿದೆ. ಅಟ್ಟದ ಮೇಲಿನ ಭರಣಿಯನ್ನು ನೀವೇ ಕೈಯಾರೆ ಇಳಿಸಿ ತೋರಿಸಿ. ಅದು ಅಟ್ಟದಲ್ಲೇ ಇರಬೇಕೋ, ಅಡುಗೆಮನೆಗೆ ಬರಬೇಕೋ, ಊಟಕ್ಕೆ ಬಡಿಸಬೇಕೋ ಎಂಬುದನ್ನು ಇಬ್ಬರೂ ಕುಳಿತು ತೀರ್ಮಾನಿಸಿ. ಮನೆಯಲ್ಲಿ ಬದುಕುವ ಹೆಂಗಸಿಗೆ ಇಂಥ ವಿಷಯ ಗೊತ್ತಿರುವುದಿಲ್ಲವೆಂದು ನಂಬುವುದು ಕಷ್ಟ; ಅವರಿಗೆ ಬಹುಶಃ ಬಹಳ ದಿನಗಳಿಂದ ಗೊತ್ತಿದ್ದು, ನೀವು ಹೇಳಲೆಂದು ಕಾಯುತ್ತಿರಬಹುದು.

ಹೇಳುವಾಗ ಒಂದು ಎಚ್ಚರಿಕೆ ಬೇಕು. ನೆನಪನ್ನು ಹಂಚಿಕೊಳ್ಳುವುದು ಬೇರೆ, ಹೋಲಿಸುವುದು ಬೇರೆ. ಅವಳಿಗೆ ಕಳಲೆ ಪಲ್ಯ ಬಹಳ ಇಷ್ಟವಿತ್ತು ಎಂದರೆ ಅದು ನೆನಪು, ಅವಳು ಮಾಡುತ್ತಿದ್ದ ಕಳಲೆ ಪಲ್ಯದ ರುಚಿ ಇದಕ್ಕಿಲ್ಲ ಎಂದರೆ ಅದು ತೀರ್ಪು. ತೀರಿಕೊಂಡವರು ದಿನ ಕಳೆದಂತೆ ನೆನಪಿನಲ್ಲಿ ದೋಷವಿಲ್ಲದವರಾಗುತ್ತಾರೆ, ಬದುಕಿರುವವರು ಅವರೊಂದಿಗೆ ಸ್ಪರ್ಧಿಸಿ ಗೆಲ್ಲಲಾರರು. ಮೊದಲ ಹೆಂಡತಿಯೊಂದಿಗೆ ಜಗಳವಾಡಿದ್ದನ್ನೂ, ಅವರಲ್ಲಿ ನಿಮಗೆ ಹಿಡಿಸದೆ ಇದ್ದದ್ದನ್ನೂ ನೆನೆಯಿರಿ. ಅದು ಅಗೌರವವಲ್ಲ, ಅವರನ್ನು ಪೂರ್ತಿ ಮನುಷ್ಯರಾಗಿ ನೆನೆಯುವ ರೀತಿ. ಹಾಗೆಯೇ ಮನೆಯೊಳಗೆ ಈಗಿನವರಿಗೆ ಸ್ವಂತ ಜಾಗ ಬೇಕು. ಅಡುಗೆಮನೆಯ ಡಬ್ಬಗಳು ಐದು ವರ್ಷಗಳ ಹಿಂದೆ ಇಟ್ಟ ಕ್ರಮದಲ್ಲೇ ಇವೆಯೇ, ಅಂಗಳದ ಡೇರೆ ಹೂವಿನ ಗೆಡ್ಡೆಗಳನ್ನು ಕಿತ್ತು ಬೇರೆ ಕಡೆ ನೆಡಲು ಅವರು ನಿಮ್ಮನ್ನು ಕೇಳಬೇಕಾಗಿದೆಯೇ ಎಂದು ನೋಡಿ. ಹಾಗಿದ್ದರೆ ಅವರಿನ್ನೂ ಆ ಮನೆಯಲ್ಲಿ ನೆಂಟರಂತೆ ಇದ್ದಾರೆ. ಮೊದಲ ಹೆಂಡತಿಯ ಫೋಟೋ ಜಗುಲಿಯಲ್ಲೋ ನಡುಮನೆಯಲ್ಲೋ ಗೌರವದಿಂದ ಇರಲಿ, ಮಲಗುವ ಕೋಣೆಯಲ್ಲಿ ಮಾತ್ರ ಬೇಡ. ಪಕ್ಕದಲ್ಲಿ ಈಗಿನವರ ಮೊದಲ ಪತಿಯ ಫೋಟೋ ಹಾಕಲು ಅವರಿಗೆ ಇಷ್ಟವಿದ್ದರೆ ಗೋಡೆಗೆ ಮೊಳೆ ಹೊಡೆಯುವವರು ನೀವಾಗಿರಿ. ನೋಡಿದವರು ಏನೆಂದುಕೊಳ್ಳುತ್ತಾರೋ ಎಂಬ ಅಂಜಿಕೆಗಿಂತ ಅದು ದೊಡ್ಡ ವಿಷಯ.

ಮಗಳ ವಿಷಯದಲ್ಲಿ ಒಂದು ಸತ್ಯವನ್ನು ಒಪ್ಪಿಕೊಂಡೇ ಹೊರಡಬೇಕು. ನಿಮಗೆ ಮತ್ತೊಬ್ಬ ಸಂಗಾತಿ ಸಿಕ್ಕರು, ಅವಳಿಗೆ ಮತ್ತೊಬ್ಬ ತಾಯಿ ಸಿಗುವುದಿಲ್ಲ. ಈಗಿನವರನ್ನು ಅಮ್ಮನೆಂದು ಕರೆ ಎಂದು ಯಾರೂ ಹೇಳದಿರಲಿ. ಏನೆಂದು ಕರೆಯಬೇಕೆಂಬುದನ್ನು ಅವಳಿಗೇ ಬಿಡಿ. ಊರಿಗೆ ಬಾ ಎಂದು ಫೋನಿನಲ್ಲಿ ಒತ್ತಾಯಿಸುವ ಬದಲು ಒಮ್ಮೆ ನೀವೊಬ್ಬರೇ ಬೆಂಗಳೂರಿಗೆ ಹೋಗಿ, ಅವಳೊಂದಿಗೆ ಅವಳ ಅಮ್ಮನ ಮಾತನ್ನೇ ಆಡಿ. ನೀವು ಈಗಲೂ ಅಳುತ್ತೀರಿ ಎಂಬುದು ಅವಳಿಗೆ ಗೊತ್ತಿಲ್ಲದೆ ಇರಬಹುದು, ಅಪ್ಪ ಮರೆತುಬಿಟ್ಟ ಎಂದು ತಿಳಿದು ಅವಳು ಅಮ್ಮನ ನೆನಪನ್ನು ಒಬ್ಬಳೇ ಹೊತ್ತುಕೊಂಡಿರಬಹುದು. ತಾಯಿಯ ಒಡವೆಗಳಲ್ಲಿ ಕಾನೂನಿನ ಪ್ರಕಾರ ಗಂಡನಿಗೂ ಪಾಲಿದ್ದರೂ, ಅವನ್ನು ಮಗಳಿಗೇ ಒಪ್ಪಿಸಿಬಿಡುವುದು ಸರಿಯೆಂದು ನನಗೆ ತೋರುತ್ತದೆ. ಆಸ್ತಿಯ ಮಾತನ್ನು ಯಾರೂ ಬಾಯಿಬಿಟ್ಟು ಆಡುವುದಿಲ್ಲ, ಆದರೆ ಎಲ್ಲರ ಮನಸ್ಸಿನಲ್ಲೂ ಅದು ಇರುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಪತ್ನಿಯೂ ಮಗಳೂ ಮೊದಲ ವರ್ಗದ ವಾರಸುದಾರರು, 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕಿದೆ. ಮದುವೆಯ ನೋಂದಣಿ ಆಗಿಲ್ಲದಿದ್ದರೆ ಮಾಡಿಸಿ, ವಕೀಲರನ್ನು ಕಂಡು ಇಬ್ಬರಿಗೂ ಅನ್ಯಾಯವಾಗದಂತೆ ಉಯಿಲು ಬರೆದಿಡಿ, ಬರೆದಿರುವುದನ್ನು ಇಬ್ಬರಿಗೂ ತಿಳಿಸಿ.

ಕೊನೆಗೆ ತಿಥಿಯ ಪ್ರಶ್ನೆ. ಅವರನ್ನು ತವರಿಗೆ ಕಳಿಸಬೇಡಿ. ಕಳಿಸಿದರೆ, ವರ್ಷದಲ್ಲಿ ಒಂದು ದಿನ ಈ ಮನೆ ನಿಮ್ಮದಲ್ಲ ಎಂದು ಹೇಳಿದಂತಾಗುತ್ತದೆ. ಹಾಗೆಂದು ಅಡುಗೆಗೆ ನೀವೇ ನಿಲ್ಲಬೇಕೆಂದು ಅವರಿಗೆ ಅಪ್ಪಣೆ ಮಾಡುವುದೂ ಸರಿಯಲ್ಲ. ಆ ದಿನ ಏನು ಮಾಡಲು ಇಷ್ಟ ಎಂದು ಕೇಳಿ. ಮಡಿಯಲ್ಲಿ ಅಡುಗೆ ಮಾಡುತ್ತೇನೆ ಎಂದರೂ, ಅಡುಗೆಯವರನ್ನು ಕರೆಸಿ, ನಾನು ಬಂದವರನ್ನು ನೋಡಿಕೊಳ್ಳುತ್ತೇನೆ ಎಂದರೂ, ಅಂದು ಶಾಲೆಗೆ ಹೋಗಿ ಸಂಜೆ ಬರುತ್ತೇನೆ ಎಂದರೂ ಒಪ್ಪಿಕೊಳ್ಳಿ. ಗಂಡನಿಗಿಂತ ಮೊದಲು ತೀರಿಕೊಂಡ ಹೆಂಗಸರಿಗಾಗಿ ಪಿತೃಪಕ್ಷದಲ್ಲಿ ಅವಿಧವಾ ನವಮಿ ಎಂಬ ದಿನವನ್ನೇ ನಮ್ಮ ಹಿರಿಯರು ಮೀಸಲಿಟ್ಟಿದ್ದಾರೆ. ಅಂದು ಮುತ್ತೈದೆಯರನ್ನು ಕರೆದು ಊಟ ಹಾಕಿ, ಸೀರೆ ಕೊಟ್ಟು ಕಳಿಸುವ ರೂಢಿ ಹಲವು ಮನೆಗಳಲ್ಲಿದೆ. ಶ್ರಾದ್ಧದ ಕ್ರಮವಿಲ್ಲದ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಎಡೆ ಇಡುತ್ತಾರೆ. ಹೆಂಡತಿಯನ್ನು ಕಳೆದುಕೊಂಡು ಮತ್ತೆ ಮದುವೆಯಾದವರ ಮನೆಗಳಲ್ಲಿಯೂ ಇವೆಲ್ಲ ನಡೆದುಕೊಂಡೇ ಬಂದಿವೆ. ನಿಮ್ಮ ಸಾಗರದವರ ಪತಿಯ ತಿಥಿಯೂ ವರ್ಷದಲ್ಲಿ ಒಂದು ದಿನ ಬರುತ್ತದೆ, ಅಂದು ಅವರಿಗೆ ಏನು ಬೇಕೆಂಬುದನ್ನೂ ಇದೇ ಮಾತಿನಲ್ಲಿ ಕೇಳಿಕೊಳ್ಳಿ.

ಆರಿದ್ರಾ ಮಳೆ ಹಿಡಿಯುವ ಹೊತ್ತಿಗೆ ನಿಮ್ಮ ಮನಸ್ಸು ಮತ್ತಷ್ಟು ಕುಗ್ಗಬಹುದು. ಸಾವಿನ ದಿನ ಹತ್ತಿರವಾದಂತೆ ದುಃಖ ಮರುಕಳಿಸುವುದು ಎಲ್ಲ ಕಡೆಯೂ ಕಂಡುಬರುವ ಸಂಗತಿ. ಒಂಟಿಮನೆಯಲ್ಲಿ ಕುಳಿತು ದಿನಗಟ್ಟಲೆ ಹೊರಗಿನವರ ಮುಖ ಕಾಣದ ನಮ್ಮ ಮಳೆಗಾಲ ಅದನ್ನು ಇನ್ನೂ ಭಾರವಾಗಿಸುತ್ತದೆ. ಗಂಡಸರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಬ್ರಿಟನ್ನಿನಲ್ಲಿ 55 ದಾಟಿದ 4,486 ವಿಧುರರನ್ನು ಅನುಸರಿಸಿ 1969ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಹೆಂಡತಿ ಸತ್ತ ಮೊದಲ ಆರು ತಿಂಗಳಲ್ಲಿ ಅವರ ಸಾವಿನ ಪ್ರಮಾಣ ಅದೇ ವಯಸ್ಸಿನ ವಿವಾಹಿತರಿಗಿಂತ ಶೇಕಡಾ 40ರಷ್ಟು ಹೆಚ್ಚಾಗಿತ್ತು. ಆ ಅಪಾಯದ ಅವಧಿ ನಿಮಗೆ ಕಳೆದಿದೆ. ಆದರೂ ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ತೋಟದ ಕಡೆ ಹೋಗಲೂ ಮನಸ್ಸಾಗದಿದ್ದರೆ, ಕುಡಿತ ಶುರುವಾಗಿದ್ದರೆ ಅಥವಾ ಹೆಚ್ಚಾಗಿದ್ದರೆ ಮನೋವೈದ್ಯರನ್ನು ಕಾಣಲೇಬೇಕು. ಅವಳ ಹತ್ತಿರ ಹೋಗಿಬಿಡೋಣ ಎಂಬ ಯೋಚನೆ ಒಮ್ಮೆ ಬಂದರೂ ತಡಮಾಡದೆ, ಅಂದೇ ಯಾರಿಗಾದರೂ ಹೇಳಿ. ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ 14416 ಸಂಖ್ಯೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಖಿನ್ನತೆ ಜೊತೆಗಿದ್ದರೆ ಅದಕ್ಕೆ ಮಾತ್ರೆ ಕೆಲಸ ಮಾಡುತ್ತದೆ. ಶೋಕಕ್ಕೆ ಮಾತ್ರೆಗಿಂತ ಮಾತಿನ ಚಿಕಿತ್ಸೆಯೇ ಹೆಚ್ಚು ಫಲ ಕೊಡುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ. ಮೊದಲ ಭೇಟಿಗೆ ನೀವೊಬ್ಬರೇ ಹೋಗಿ, ಕೊಯ್ಲಿನ ವಿಷಯವನ್ನು ಅಲ್ಲಿ ಪೂರ್ತಿಯಾಗಿ ಹೇಳಿಕೊಳ್ಳಿ. ಎರಡನೆಯ ಭೇಟಿಗೆ ಬರಲು ಅವರಿಗೆ ಒಪ್ಪಿಗೆಯಿದ್ದರೆ ಅವರನ್ನೂ ಕರೆದುಕೊಂಡು ಹೋಗಿ.